ಕಟ್ಟೆಯಿಲ್ಲದ ಬಾವಿಯ ಗುರುತು

ಮೊನ್ನೆ ತಂಗಿಯ ಮಗಳು ಡ್ರಾಯಿಂಗ್ ಪರೀಕ್ಷೆಗೆಂದು ಇಂಡಿಯನ್ ಇಂಕಿನ ಸೀಸೆ ತೆರೆದಳು. ಕರ್ಪೂರ ಬೆರೆಸಿದಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಇಂದಿರಾನಗರದ ನಮ್ಮ ಹಳೆಯ ಆಫೀಸು, ಕಿಟಕಿ ಪಕ್ಕದ ಮೇಜು, ಅಲ್ಲಿ ಕೂರುತ್ತಿದ್ದ ಡ್ರಾಫ್ಟ್ಸ್‌ಮನ್ ಸರ್…

ಎರಡು ಸಾವಿರನೇ ಇಸವಿಯ ಆಸುಪಾಸಿನ ವರ್ಷಗಳು. ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಸಣ್ಣ ಆಫೀಸು ನಮ್ಮದು. ನಾನು ರಾಯಚೂರಿನಿಂದ ಬಂದು ಟಿನ್ ಫ್ಯಾಕ್ಟರಿ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದೆ. ಸರ್ ಹಲಸೂರಿನವರು, ಸರ್ಕಾರಿ ನೌಕರಿಯಲ್ಲಿ ಕೈಯಿಂದ ನಕ್ಷೆ ಬರೆದು ನಿವೃತ್ತರಾದವರು. ಮೌಸ್ ಹಿಡಿದು ಅಭ್ಯಾಸವಿರಲಿಲ್ಲ. ಆದರೂ ಸಾಫ್ಟ್‌ವೇರಿನಲ್ಲಿ ಇಲ್ಲದ ಗುರುತುಗಳನ್ನು ಮಾಡುವ ಕೆಲಸ ಅವರದೇ. ಅದರಲ್ಲಿ ಗಾಲ್ಫ್ ಮೈದಾನಕ್ಕೆ ಗುರುತಿತ್ತು, ಅರಳಿಕಟ್ಟೆಗೆ, ದರ್ಗಾಕ್ಕೆ ಇರಲಿಲ್ಲ. ಸರ್ ಮೊದಲು ಕಾಗದದ ಮೇಲೆ ಇಂಕಿನಲ್ಲಿ ಬರೆದು, ಆಮೇಲೆ ಪರದೆಯ ಸಣ್ಣ ಚೌಕದಲ್ಲಿ ಒಂದೊಂದೇ ಚುಕ್ಕಿ ತುಂಬುತ್ತಿದ್ದರು. ಮುಗಿದ ಮೇಲೆ ಸಾಸಿವೆಯಷ್ಟು ಚಿಕ್ಕದು ಮಾಡಿ ನನ್ನನ್ನು ಕರೆಯೋರು. "ಏನು ಕಾಣುತ್ತಮ್ಮ?" ತಪ್ಪು ಹೇಳಿದೆನೋ, ಮತ್ತೆ ಮೊದಲಿನಿಂದ.

ಊರಂಚಿನ ಹೊರಮಾವಿನ ನಕ್ಷೆ ಬಂದಾಗ ಬಾವಿಗೇ ಎರಡು ಗುರುತು ಮಾಡಿದರು. ಕಟ್ಟೆ ಇದ್ದದ್ದಕ್ಕೆ ಪೂರ್ತಿ ವೃತ್ತ, ಇಲ್ಲದ್ದಕ್ಕೆ ಒಡೆದ ಕೆಂಪು ವೃತ್ತ. ತೋಟಗಳು ಸೈಟುಗಳಾಗುತ್ತಿದ್ದ ಕಾಲ ಅದು. ಹುಲ್ಲಿನ ನಡುವೆ ಬಾಯಿ ತೆರೆದ ಬಾವಿಗಳು, ಪಕ್ಕದಲ್ಲೇ ಕಟ್ಟಡ ಕೆಲಸದವರ ಶೆಡ್ಡುಗಳು. ಭಾನುವಾರಗಳಲ್ಲಿ ಸರ್ ತಾವೇ ಅಲೆದು ಅಂಥ ಹನ್ನೊಂದು ಬಾವಿ ಹುಡುಕಿದ್ದರು.

ನಕ್ಷೆ ಮಾಡಿಸಿದ್ದು ಲೇಔಟ್ ಮಾರುವವರು. ನೋಡಿ ಸಿಡುಕಿದರಂತೆ. ಸರ್ ಕಣ್ಣಿನ ಆಪರೇಷನ್‌ಗೆಂದು ರಜೆಯಲ್ಲಿದ್ದ ವಾರ ಬಾಸ್ ನನ್ನ ಮೇಜಿಗೆ ಬಂದರು.

"ಆ ಕೆಂಪು ಗುರುತೆಲ್ಲಾ ತೆಗೆದ್ಬಿಡಿ. ಅದನ್ನ ನೋಡಿದ್ರೆ ಸೈಟ್ ಯಾರ್ ತಗೋತಾರೆ?"

ದಣಿದಿದ್ದೆ. ನೌಕರಿ ಬೇಕಿತ್ತು. ಹನ್ನೊಂದನ್ನೂ ಒಟ್ಟಿಗೆ ಅಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಸರ್ ವಾಪಸು ಬಂದವರು ಕಪ್ಪು ಕನ್ನಡಕದಲ್ಲೇ ನಕ್ಷೆ ತೆರೆದರು. ಬಹಳ ಹೊತ್ತು ಹುಡುಕಿದರು. ತಮ್ಮ ಕಣ್ಣೇ ಸರಿಹೋಗಿಲ್ಲ ಅಂದುಕೊಂಡಿರಬೇಕು… ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ನನಗೆ ನೋಡಲಾಗಲಿಲ್ಲ.

"ನಾನ ತೆಗದೀನ್ರಿ ಸರ," ಅಂದೆ.

"ನೀನಾ…" ಅಂದರು. ಪರದೆಯಿಂದ ಹಿಂದೆ ಸರಿದು, "ಶೆಡ್ಡಲ್ಲಿರೋರು ನಿಮ್ಮ ಕಡೆಯೋರೇ ಕಣಮ್ಮ. ಚಿಕ್ಕ ಚಿಕ್ಕ ಮಕ್ಕಳಿದಾವೆ."

ಬೈಯಲಿಲ್ಲ. ಮಾರನೆಯ ದಿನ ಕೆಲಸ ಬಿಟ್ಟರು. ಹೊರಡುವಾಗ ನಕ್ಷೆಯ ಹಳೆಯ ಪ್ರಿಂಟ್ ಮಡಚಿಕೊಂಡು, "ಭಾನುವಾರ ಬಾವಿ ಸುತ್ತ ಕಲ್ಲಿಟ್ಟು ಕೆಂಪು ಬಣ್ಣ ಹಚ್ಚೋಕೆ ಹೋಗ್ತಿದೀನಿ, ಬರ್ತೀಯಾ?" ಎಂದು ಕೇಳಿದರು. ಬಟ್ಟೆ ಒಗೆಯೋದಿದೆ ಅಂದೆ.

ಎರಡು ತಿಂಗಳಾದ ಮೇಲೆ ಒಬ್ಬಳೇ ಹೋದೆ. ಕಲ್ಲುಗಳು ಇದ್ದವು, ಕೆಂಪಗೆ. ಶೆಡ್ಡಿನ ಹೆಂಗಸೊಬ್ಬಳು, "ಕರೇ ಚಸ್ಮಾದ ಅಜ್ಜಾರು ಬಂದಿದ್ರು. ಕಲ್ಲ ದಾಟಬ್ಯಾಡ್ರಿ ಅಂತ ಹುಡುಗ್ರಿಗೆಲ್ಲ ಹೇಳಿ ಹೋದ್ರು," ಅಂದಳು. ಕಲ್ಲು ನೋಡಿ ಬಂದೆ ಎಂದು ಸರ್‌ಗೆ ತಿಳಿಸೋಣವೆಂದು ಅಲ್ಲಿಂದಲೇ ಹಲಸೂರಿಗೆ ಹೋದೆ. ಬಾಗಿಲು ತೆರೆದದ್ದು ಅವರ ಮಗಳು. ಸರ್ ತೀರಿಕೊಂಡು ಒಂಬತ್ತು ದಿನವಾಗಿತ್ತು.

ಈಗ ಹೊರಮಾವಿನಲ್ಲೇ ನನ್ನ ಮನೆ. ಬಾವಿಗಳೆಲ್ಲ ಮುಚ್ಚಿಹೋಗಿವೆ, ಯಾವ ಅಪಾರ್ಟ್‌ಮೆಂಟಿನ ಕೆಳಗೆ ಯಾವುದಿದೆಯೋ ಗೊತ್ತಿಲ್ಲ. ನಾನಿನ್ನೂ ನಕ್ಷೆಗಳ ಕೆಲಸದಲ್ಲೇ ಇದ್ದೇನೆ. ತೆಗೆದುಬಿಡಿ ಅಂದದ್ದನ್ನು ತೆಗೆಯುತ್ತೇನೆ. ಯಾಕೆ ತೆಗೆದೆ ಎಂದು ಕೇಳಬೇಕಾದವರು ಪಕ್ಕದ ಮೇಜಿನಲ್ಲಿಲ್ಲ.