ಗಂಡು ಬೊಂಬೆಯ ಬೆನ್ನು

ನನ್ನ ಹತ್ತಿರ ಎರಡು ಮರದ ಬೊಂಬೆಗಳಿವೆ. ಒಂದು ಗಂಡು, ಒಂದು ಹೆಣ್ಣು. ಮೊಳಕ್ಕಿಂತ ಸ್ವಲ್ಪ ಕಮ್ಮಿ ಎತ್ತರ, ಕೆಂಪು ಗಂಧದ ಮರದಲ್ಲಿ ಕೆತ್ತಿದ್ದು. ಕೊಯಮತ್ತೂರಿನ ಕಡೆ ಇವಕ್ಕೆ ಮರಪ್ಪಾಚಿ ಎನ್ನುತ್ತಾರೆ. ಮದುವೆಯಾಗಿ ಹೋಗುವ ಹುಡುಗಿಯ ಜೊತೆ ತವರಿನವರು ಜೋಡಿಯಾಗಿ ಕಳಿಸುತ್ತಾರೆ. ನವರಾತ್ರಿಗೆ ಹೊಸ ಮನೆಯಲ್ಲಿ ಅವಳು ಮೊದಲು ಕೂರಿಸಬೇಕಾದ್ದು ಇವನ್ನೇ. ನಮ್ಮ ಜೋಡಿ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಮದುವೆಯಾಗಿ ಬಂದಾಗ ಜೊತೆಗೆ ಬಂದದ್ದು. ನೋಡಿದವರೆಲ್ಲ ಎಷ್ಟು ಲಕ್ಷಣವಾಗಿವೆ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಯಾರೂ ಬೆನ್ನು ತಿರುಗಿಸಿ ನೋಡುವುದಿಲ್ಲ.

ಐವತ್ತರ ದಶಕದ ಮಾತು. ನನಗೆ ಆಗ ಹದಿನಾಲ್ಕು. ಸಿಂಗಾನಲ್ಲೂರಿನಲ್ಲಿ ನಮ್ಮ ಮನೆ, ಬೆಳಿಗ್ಗೆ ಮಿಲ್ಲಿನ ಸಂಗು, ಅಂದರೆ ಸೈರನ್ನು, ಕೂಗಿದರೆ ಗೋಡೆಗೆ ನೇತುಹಾಕಿದ ಕನ್ನಡಿ ಸಣ್ಣಗೆ ಅಲುಗುವಷ್ಟು ಹತ್ತಿರ. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರು. ಒಂದು ಕೂದಲೆಳೆಯಷ್ಟು ಗೆರೆಯನ್ನು ಉಸಿರು ಬಿಗಿಹಿಡಿದು ಎಳೆಯುವ ಕೈ ಅವರದು. ಅದೇ ಕೈಯಿಂದ ಅಮ್ಮನಿಗೆ ಹೊಡೆಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಅಪ್ಪನನ್ನು ಏನೋ ಬೇರೆ ಅಂದುಕೊಂಡು ಓದಿರುತ್ತೀರಿ. ದಿನಾ ಅಲ್ಲ. ಆದರೆ ಯಾವ ದಿನ ಎಂದು ಗೊತ್ತಾಗುತ್ತಿರಲಿಲ್ಲ, ಹಾಗಾಗಿ ದಿನಾ ಹೊಡೆದ ಹಾಗೇ ಆಗುತ್ತಿತ್ತು.

ಅಕ್ಕನನ್ನು ತಿರುಪ್ಪೂರಿಗೆ ಕೊಟ್ಟಿದ್ದೆವು, ಅಜ್ಜಿಯ ಬೊಂಬೆಗಳನ್ನೇ ಜೊತೆಗೆ ಕಳಿಸಿದ್ದೆವು. ಅವಳ ಗಂಡನಿಗೆ ಬನಿಯನ್ ಕಂಪನಿಯೊಂದರಲ್ಲಿ ಮೇನೇಜರ್ ಕೆಲಸ. ಅವನನ್ನು ಭಾವ ಎಂದು ಬಹುವಚನ ಕೊಟ್ಟು ಬರೆಯಲು ನನ್ನ ಕೈ ಒಪ್ಪುವುದಿಲ್ಲ, ಏಕವಚನದಲ್ಲೇ ಬರೆಯುತ್ತೇನೆ. ಆ ಧನುರ್ಮಾಸದ ಶುರುವಿನಲ್ಲಿ ಒಂದು ಮಧ್ಯಾಹ್ನ ಅಕ್ಕ ಬಸ್ಸಿಳಿದು ಒಬ್ಬಳೇ ಬಂದಳು. ತಲೆಯಿಂದ ಗಲ್ಲದವರೆಗೆ ಶಾಲು. ಕಂಕುಳಲ್ಲಿ ಒಂದು ಗಂಟು. ಚಳಿಗೆ ಸುತ್ತಿಕೊಂಡಿದ್ದಾಳೆ ಅಂದುಕೊಂಡೆ. ಶಾಲು ತೆಗೆದಾಗ ಅವಳ ಎಡ ದವಡೆ ಬಾತು, ಆ ಕಡೆಯ ಕಣ್ಣು ಅರ್ಧ ಮುಚ್ಚಿತ್ತು. ಗಂಟು ಬಿಚ್ಚಿದರೆ ಬೊಂಬೆಗಳು. ಗಂಡು ನೆಟ್ಟಗಿತ್ತು. ಹೆಣ್ಣಿನ ಬಲಗೈ ಭುಜದಿಂದ ಕಿತ್ತು ಹೋಗಿತ್ತು, ಮೂಗು ಜಜ್ಜಿಹೋಗಿತ್ತು.

"ನವರಾತ್ರಿ ಮುಗಿದು ಎರಡು ತಿಂಗ್ಳಾದ್ರೂ ಎತ್ತಿಡ್ಲಿಲ್ಲ ಅಂತ ಕೋವ ಬಂತು ಅವ್ರಿಗೆ," ಎಂದಳು ಅಕ್ಕ. "ಇದ್ನೇ ಎತ್ತಿ ಎಸೆದ್ರು."

ನಮ್ಮ ಮನೆಗನ್ನಡದಲ್ಲಿ ಕೋಪಕ್ಕೆ ಕೋವ ಎಂದೇ ಹೇಳುವುದು. ಆ ಪದ ನಮ್ಮ ಮನೆಯಲ್ಲಿ ಬಹಳ ಓಡಾಡುತ್ತಿತ್ತು, ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ ಕೋವ ಬಂತು ಅನ್ನುತ್ತಿದ್ದೆವು. ಬಂದದ್ದು ಯಾರಿಂದ ಎಂದು ಯಾರೂ ಕೇಳುತ್ತಿರಲಿಲ್ಲ.

ಅಪ್ಪ ಅಕ್ಕನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ಬೊಂಬೆಯನ್ನು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. "ಮುರಿದ ಬೊಂಬೆ ಜೊತೆ ಮಗಳನ್ನ ಕಳ್ಸಕ್ಕಾಗಲ್ಲ. ಧನುರ್ಮಾಸ ಬೇರೆ. ತೈ ತಿಂಗ್ಳು ಹುಟ್ಲಿ, ಅಷ್ಟರಲ್ಲಿ ನಾನು ಇದನ್ನ ಸರಿ ಮಾಡ್ತೀನಿ. ಸಂಕ್ರಾಂತಿ ಮಾರನೇ ದಿನ ಮಾಪ್ಳೆನ ಬಂದು ಕರ್ಕೊಂಡು ಹೋಗಿ ಅಂತ ಬರೀತೀನಿ," ಎಂದರು. ಮಾಪ್ಳೆ ಎಂದರೆ ಅಳಿಯ. ಅಂದೇ ಕಾರ್ಡು ಬರೆದು ಡಬ್ಬಕ್ಕೆ ಹಾಕಿಬಂದರು. ಆ ರಾತ್ರಿ ಪಕ್ಕದಲ್ಲಿ ಮಲಗಿದ್ದಾಗ ಅಕ್ಕ, "ಅಲ್ಲಿಗೆ ಹೋದ್ರೆ ಇನ್ನೊಂದು ಸಲ ನಾನು ಬಸ್ ಹತ್ತಿ ಬರಲ್ಲ ಕಣೇ, ನನ್ನ ಹೆಣ ಬರತ್ತೆ," ಎಂದಳು. ಅಳುತ್ತಾ ಹೇಳಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹೀಗೆ ಆ ಚಳಿಗಾಲ ಶುರುವಾಯಿತು. ಅರ್ಧ ವರ್ಷದ ಪರೀಕ್ಷೆ ಮುಗಿದು ಅಪ್ಪನಿಗೆ ರಜೆ. ಹೊರಗೆ ಪಾಲ್ಘಾಟಿನ ಕಡೆಗೆ ನುಗ್ಗುವ ಗಾಳಿ, ಒಳಗೆ ಬೆಳಗಿನ ಪೂಜೆಯ ಹುಗ್ಗಿಯ ಮೆಣಸಿನ ವಾಸನೆ. ಎಂಟು ಗಂಟೆಗೆ ಅಪ್ಪ ನಡುಮನೆಯ ಕಿಟಕಿಗೆ ಮೇಜು ಎಳೆದುಕೊಂಡು ಬೊಂಬೆ ಮುಂದಿಟ್ಟು ಕೂತರೆ ಮನೆಯಲ್ಲಿ ಒಬ್ಬರೂ ಜೋರಾಗಿ ಮಾತಾಡುವಂತಿಲ್ಲ. ಬಂದವರಿಗೆ ಎಂಥ ಶಾಂತಿಯ ಮನೆ ಅನಿಸಬೇಕು.

ಹೊಸ ಕೈ ಮಾಡಲು ಅದೇ ಜಾತಿಯ ಮರ ಬೇಕಿತ್ತು. ಗ್ರಂಧಿಗೆ ಅಂಗಡಿಗೆ ಅಪ್ಪನ ಜೊತೆ ನಾನೂ ಹೋದೆ. ಬೇರು, ನಾರು, ಅಳಲೆಕಾಯಿಗಳ ನಡುವೆ ಕೂತಿದ್ದ ಮುದುಕ ಕೆಂಪು ಗಂಧದ ತುಂಡೊಂದನ್ನು ಆರಿಸಿ ಕೊಡುತ್ತಾ, "ಊತ ಯಾರಿಗೆ ಸ್ವಾಮಿ?" ಎಂದು ತಮಿಳಿನಲ್ಲಿ ಕೇಳಿದ.

"ಊತ ಅಲ್ಲ, ಬೊಂಬೆಗೆ," ಎಂದರು ಅಪ್ಪ. ಮುದುಕ ನಕ್ಕ. ಅವನು ಯಾಕೆ ಹಾಗೆ ಕೇಳಿದ ಎಂದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕೈ ಕೆತ್ತುವುದಕ್ಕೆ ಐದು ದಿನ ಹಿಡಿಯಿತು. ಬೆರಳೊಂದು ಸೀಳಿತೆಂದು ಮೊದಲನೆಯದನ್ನು ಒಲೆಗೆ ಹಾಕಿ ಇನ್ನೊಂದು ಕೆತ್ತಿದರು. ಮೂಗಿಗೆ ಅದೇ ಮರದ ಪುಡಿಯನ್ನು ಬಡಗಿಯ ಅಂಟಿನಲ್ಲಿ ಕಲಸಿ, ಸೂಜಿಯ ತುದಿಯಿಂದ ಇಟ್ಟು, ಊದಿ ಊದಿ ಒಣಗಿಸಿದರು. ಪಕ್ಕದ ಕೋಣೆಯಲ್ಲಿ ಅಕ್ಕ ಗಂಜಿಯನ್ನು ಒಂದೇ ಕಡೆಯ ದವಡೆಯಿಂದ ಕುಡಿಯುತ್ತಿದ್ದಳು. ಅವಳ ದವಡೆ ಹೇಗಿದೆ ಎಂದು ಅಪ್ಪ ಒಂದು ದಿನವೂ ಕೇಳಲಿಲ್ಲ. ಮರದ ಮೂಗಿಗೆ ಊದಿದ ಉಸಿರಿನಲ್ಲಿ ಒಂದು ಪಾಲು ಸಾಕಾಗಿತ್ತು ಆ ಮಾತಿಗೆ.

ಬೊಂಬೆಯನ್ನು ಬೋರಲಾಗಿ ಮಲಗಿಸಿದ ದಿನ ಅಪ್ಪ ಬೆರಗಾದರು. "ಇದೇನಿದು? ಇದಕ್ಕೆ ಬೆನ್ನೇ ಇಲ್ಲ! ಇಲಿ ತಿಂದಿದೆಯಾ?"

ಹೆಣ್ಣು ಬೊಂಬೆಯ ಬೆನ್ನು, ಕುತ್ತಿಗೆಯ ಕೆಳಗಿನಿಂದ ಸೊಂಟದವರೆಗೆ, ನುಣ್ಣಗೆ ಸವೆದು ಒಳಕ್ಕೆ ಹೋಗಿತ್ತು. ಗಂಡಿನ ಬೆನ್ನಿನಲ್ಲಿ ಉತ್ತರೀಯದ ಗೆರೆಗಳೂ ಹಾಗೇ ಇದ್ದವು. ಅಮ್ಮ ಬಾಗಿಲ ಬಳಿಯಿಂದ ಒಳಗೆ ಸರಿದಳು. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಹಳೇದಲ್ವಾ, ಸವೆದದೆ," ಎಂದಳು. ಅಪ್ಪ ಮರದ ಪುಡಿ, ಅಂಟು ಕಲಸಿ ಆ ಹಳ್ಳವನ್ನು ತುಂಬಲು ಕೂತರು. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಹೀಗೆ ನಾಲ್ಕು ದಿನ.

ಮೂರನೆಯ ದಿನ ಅವರು ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಬೊಂಬೆಯನ್ನು ಬೇಗ ಒಣಗಲಿ ಎಂದು ಹಿತ್ತಲಿನ ಬಿಸಿಲಿಗೆ ಇಟ್ಟಳು. ಒಳ್ಳೆಯದಕ್ಕೇ ಇಟ್ಟದ್ದು. ಬಿಸಿಲಿಗೆ ಅಂಟು ಇಳಿದು ಹೊಸ ಕೈ ಓರೆಯಾಯಿತು. ಅಪ್ಪ ಟವೆಲು ಸುತ್ತಿಕೊಂಡೇ ಬಂದು ನೋಡಿ, ಬೊಂಬೆಯನ್ನು ಒಳಗೆ ತಂದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಅಲ್ಲಿದ್ದ ಮರದ ರೂಲುದೊಣ್ಣೆ ತೆಗೆದುಕೊಂಡು ಅಮ್ಮನ ಮುಂಗೈ ಮೇಲೆ ಹೊಡೆದರು. ಅವಳು ಕೈ ಎಳೆದುಕೊಂಡಳು, ಮೊಣಕೈಗೆ ಬಿತ್ತು. ತಿರುಗಿದಳು, ಬೆನ್ನಿಗೆ ಬಿತ್ತು. ಬಳೆ ಒಡೆದು ಚೂರು ಹುಗ್ಗಿಯ ಪಾತ್ರೆಯ ತನಕ ಹಾರಿತು. ನಾನು ಎಣಿಸುತ್ತಾ ನಿಂತಿದ್ದೆ, ಒಂಬತ್ತು. ಯಾಕೆ ಎಣಿಸಿದೆನೋ ಗೊತ್ತಿಲ್ಲ, ಎಣಿಸಿದೆ, ಅಡ್ಡ ಹೋಗಲಿಲ್ಲ. ಆಮೇಲೆ ಅಪ್ಪ ಅಂಗಿ ತೊಟ್ಟು ಹೊರಗೆ ಹೋದರು. ಹೊಡೆದ ಮೇಲೆ ಹೊರಗೆ ಹೋಗುವುದು ಅವರ ಪದ್ಧತಿ. ಸಂಜೆ ಬಂದಾಗ ಎಲ್ಲ ಸರಿಹೋಗಿರಬೇಕು, ಹೋಗಿರುತ್ತಿತ್ತು.

ಅಮ್ಮನ ಮುಂಗೈ ನೋಡನೋಡುತ್ತಾ ಉಬ್ಬಿತು. ಅಜ್ಜಿ ಗಂಧ ತೇಯುವ ಕಲ್ಲನ್ನು ಎಳೆದುಕೊಂಡವಳು ಹಾಗೇ ಕೈಬಿಟ್ಟಳು. "ಬೊಂಬೆ ಅವನ ಮೇಜಿನ ಮೇಲದೆ. ಬೆನ್ನೆಲ್ಲಾ ಅಂಟು. ಏನು ತೇಯ್ಲಿ?" ಎಂದು ಅರಿಶಿನ ಸುಣ್ಣ ಕಲಸಿ ಹಚ್ಚಿದಳು.

ಗ್ರಂಧಿಗೆ ಅಂಗಡಿಯ ಮುದುಕ ಕೇಳಿದ್ದು ಆಗ ನೆನಪಾಯಿತು. "ಬೊಂಬೆನೇ ತೇಯ್ತೀರಾ ಅಜ್ಜಿ?" ಎಂದೆ.

"ಕೆಂಪು ಗಂಧ ಊತ ಇಳಿಸತ್ತೆ. ಅಂಗ್ಡೀಲಿ ತಂದ್ರೆ ಯಾರಿಗೆ, ಏನಾಯ್ತು ಅಂತ ಕೇಳ್ತಾರೆ. ಬೊಂಬೆ ಮನೇಲೇ ಇರತ್ತಲ್ಲ," ಎಂದಳು ಅಜ್ಜಿ. "ಮೇಲ್ಗಡೆ ಸವೆದಿರೋದು ನಂದು. ಸೊಂಟದ ಹತ್ರ ನಿಮ್ಮಮ್ಮಂದು."

"ಗಂಡು ಬೊಂಬೆ?"

"ಅದನ್ನ ತೇಯಬಾರದು. ಮನೆ ಯಜಮಾನ್ರ ಆಯುಸ್ಸು ಕಮ್ಮಿ ಆಗತ್ತೆ. ನಮ್ಮತ್ತೆ ಹೇಳಿದ್ದು."

ಅಕ್ಕ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. "ನಂದು ಎಲ್ಲಿ ತೇಯ್ತೀರಿ ಅಜ್ಜಿ? ಜಾಗ ಇಲ್ಲ," ಎಂದಳು.

ಸಂಕ್ರಾಂತಿಯ ಹೊತ್ತಿಗೆ ಬೊಂಬೆ ಸಿದ್ಧವಾಯಿತು. ಎರಡು ಕೈ, ನೆಟ್ಟಗಿನ ಮೂಗು, ತುಂಬಿಕೊಂಡ ಬೆನ್ನು. ಆ ಬೆನ್ನಿನ ಮೇಲೆ ಅಪ್ಪ ಸೆರಗಿನ ಮಡಿಕೆಗಳನ್ನು ಹೊಸದಾಗಿ ಕೊರೆದು ಎಣ್ಣೆ ತಿಕ್ಕಿದ್ದರು. ಏನೂ ಆಗಿಯೇ ಇಲ್ಲ ಎನ್ನುವ ಹಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಗಂಡ ಬಂದ. ಇಡ್ಲಿ ತಿಂದ, ಕಾಫಿ ಕುಡಿದ, ಬೊಂಬೆಯನ್ನು ತಿರುಗಿಸಿ ನೋಡಿ, "ಪರವಾಯಿಲ್ಲೆ ಮಾಮ, ಹೊಸದರ ಹಾಗೇ ಮಾಡಿದೀರಿ," ಎಂದ. ಅಪ್ಪ ಹಿಗ್ಗಿ ಬೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಗಂಡು ಬೊಂಬೆ ಮೇಜಿನ ಮೇಲೆ ನಿಂತಿತ್ತು. "ಹೊರಡು, ಒಂಬತ್ತೂವರೆ ಬಸ್ಸು," ಎಂದ ಅವನು, ಒಳಕ್ಕೆ ಕೇಳುವ ಹಾಗೆ.

ಅಕ್ಕ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದುಕೊಂಡು, "ನಾನು ಬರಲ್ಲ," ಎಂದಳು.

ಅವನು ಎದ್ದು ಹೋಗಿ ಅವಳ ಜಡೆಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು, ಮಾಗುತ್ತಿದ್ದ ಅದೇ ಎಡ ದವಡೆಗೆ ಹೊಡೆದ. ನಮ್ಮೆಲ್ಲರ ಎದುರಿಗೆ. ಅವಳ ತಲೆ ಚೌಕಟ್ಟಿಗೆ ಬಡಿಯಿತು. ಇನ್ನೊಂದು ಸಲ ಹೊಡೆದ.

"ಮಾಪ್ಳೆ, ಮೆಲ್ಲಗೆ," ಎಂದರು ಅಪ್ಪ. ಕೂತಲ್ಲೇ, ಬೊಂಬೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು.

ಆ 'ಮೆಲ್ಲಗೆ' ಕೇಳಿದ ಮೇಲೆ ನಡೆದದ್ದು ನನಗೆ ಚೂರುಚೂರಾಗಿ ನೆನಪಿದೆ. ಗಂಡು ಬೊಂಬೆಯ ಕಾಲು ನನ್ನ ಮುಷ್ಟಿಯಲ್ಲಿತ್ತು. ಕೆಂಪು ಗಂಧದ ಮರ ಕಬ್ಬಿಣದಷ್ಟು ಭಾರ. ಅವನು ತಿರುಗಿದ, ನಾನು ಹಣೆಗೆ ಬೀಸಿದೆ. ತೆಂಗಿನಕಾಯಿ ಒಡೆದ ಸದ್ದು. ಮೊದಲ ಏಟಿಗೆ ಅವನು ಜಡೆ ಬಿಟ್ಟ, ಎರಡನೆಯದಕ್ಕೆ ನೆಲಕ್ಕೆ ಕುಸಿದ. ಮೂರನೆಯದಕ್ಕೆ ಕೈ ಎತ್ತಿದ್ದೆ. ಅಮ್ಮ ತಬ್ಬಿ ಹಿಡಿದಳು. ನಿಜ ಹೇಳುತ್ತೇನೆ, ನನಗೆ ಹಿತವಾಗಿತ್ತು. ಹೊಡೆಯುವಾಗ ಅಪ್ಪನಿಗೆ ಏನಾಗುತ್ತದೆ ಎಂದು ಆವತ್ತು ನನಗೆ ಗೊತ್ತಾಯಿತು. ನನ್ನ ಮಕ್ಕಳ ಮೇಲೆ ನಾನು ಕೈ ಎತ್ತದೆ ಇದ್ದದ್ದು ಒಳ್ಳೆಯತನದಿಂದಲ್ಲ, ಆ ಹಿತದ ಭಯದಿಂದ.

ಅವನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಹಣೆ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಅಪ್ಪ ಈಗ ಎದ್ದರು. ಬೊಂಬೆಯನ್ನು ಎಡಗೈಗೆ ಬದಲಾಯಿಸಿ ನನ್ನತ್ತ ಬಲಗೈ ಎತ್ತಿದರು. ಅಜ್ಜಿ ನಡುವೆ ಬಂದು ನನ್ನ ಮುಷ್ಟಿಯಿಂದ ಗಂಡು ಬೊಂಬೆಯನ್ನು ಬಿಡಿಸಿಕೊಂಡಳು. ಗಂಧದ ಕಲ್ಲು ತಂದು ನಡುಮನೆಯಲ್ಲೇ ಕೂತು ನೀರು ಚಿಮುಕಿಸಿದಳು.

"ಅತ್ತೆ, ಅದಲ್ಲ! ಅದು ಗಂಡು!" ಎಂದಳು ಅಮ್ಮ.

"ಗೊತ್ತು," ಎಂದು ಅಜ್ಜಿ ಉತ್ತರೀಯದ ಗೆರೆಗಳನ್ನು ಕಲ್ಲಿಗೆ ಒತ್ತಿ ತೇಯತೊಡಗಿದಳು. ಕಲ್ಲಿನ ಮೇಲೆ ಕೆಂಪಗೆ ಇಳಿಯಿತು.

"ಏನಮ್ಮಾ ಇದು? ಬೊಂಬೆ ಯಾಕೆ ತೇಯ್ತೀಯ?" ಎಂದರು ಅಪ್ಪ.

"ಊತಕ್ಕೆ. ಈ ಮನೇಲಿ ಇದೇ ಔಷಧಿ." ಅಜ್ಜಿ ತಲೆ ಎತ್ತಲಿಲ್ಲ. "ನಿನ್ನ ಕೈಲಿರೋದರ ಬೆನ್ನು ಇಲಿ ತಿಂದಿಲ್ಲ ಕಣೋ."

ಅಪ್ಪ ಅಜ್ಜಿಯನ್ನು ನೋಡಿದರು, ಅಮ್ಮನ ಮುಂಗೈಯಲ್ಲಿ ಇನ್ನೂ ಹಳದಿಯಾಗಿದ್ದ ಗುರುತನ್ನು ನೋಡಿದರು, ಬೊಂಬೆಯನ್ನು ಮೆಲ್ಲಗೆ ಬೋರಲು ಮಾಡಿದರು. ತಾವೇ ಕೊರೆದ ಮಡಿಕೆಗಳ ಮೇಲೆ ಹೆಬ್ಬೆರಳು ಆಡಿಸಿದರು. ಅಜ್ಜಿ ಕೆಂಪು ಗಂಧವನ್ನು ಅಳಿಯನ ಹಣೆಗೆ ಬಳಿದು, ಕೈ ತೊಳೆಯಲು ಹಿತ್ತಲಿಗೆ ಹೋದಳು.

ಅವನು ಗೋಡೆ ಹಿಡಿದು ಎದ್ದು, "ಹೊರಡೇ," ಎಂದ ಅಕ್ಕನಿಗೆ. ಎಲ್ಲರೂ ಅಪ್ಪನ ಮುಖ ನೋಡಿದೆವು. ಅಕ್ಕ ಚೌಕಟ್ಟು ಬಿಟ್ಟಿರಲಿಲ್ಲ.

"ಬಸ್ ಸ್ಟಾಂಡಿನವರೆಗೂ ನಾನು ಬರ್ತೀನಿ ಮಾಪ್ಳೆ," ಎಂದರು ಅಪ್ಪ. "ಟಿಕೆಟ್ ಒಂದೇ ತಗೊಳ್ಳಿ."

ಹಿಂದಿರುಗಿ ಬಂದವರು ನೇರ ಮೇಜಿಗೆ ಕೂತು, ಉಳಿ ತೆಗೆದುಕೊಂಡು, ನಾಲ್ಕು ದಿನ ತುಂಬಿದ್ದನ್ನೆಲ್ಲ ಕೆರೆದು ತೆಗೆದರು. ಹಳ್ಳ ಮೊದಲಿದ್ದ ಹಾಗೆ ಕಾಣುವ ತನಕ ಕೆರೆದರು. ಕೈ, ಮೂಗು ಹಾಗೇ ಬಿಟ್ಟರು.

ಅಕ್ಕ ಮತ್ತೆ ತಿರುಪ್ಪೂರಿಗೆ ಹೋಗಲಿಲ್ಲ. ಟ್ರೇನಿಂಗ್ ಮುಗಿಸಿ ಪೋತ್ತನೂರಿನ ಒಂದು ಶಾಲೆಯಲ್ಲಿ ಟೀಚರಾದಳು, ಕಡೆಯ ತನಕ ಎಡಗಡೆ ಅಗಿಯಲಿಲ್ಲ. ಅಪ್ಪ ಆಮೇಲೆ ಅಮ್ಮನ ಮೇಲೆ ಕೈ ಎತ್ತಲೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಎತ್ತಿದರು. ಎರಡು ಸಲವೂ ಅಮ್ಮ ಅವರನ್ನು ಹೊರಗೆ ಹೋಗಲು ಬಿಡಲಿಲ್ಲ. ಬಾಗಿಲಿಗೆ ಅಡ್ಡ ಕೂತು, ಅವರ ಕಣ್ಣೆದುರೇ, ಗಂಡು ಬೊಂಬೆಯನ್ನೇ ತೇದು ಹಚ್ಚಿಕೊಂಡಳು. ಆಯುಸ್ಸಿನ ವಿಷಯ ಸುಳ್ಳು. ಅಪ್ಪ ಎಂಬತ್ತೆರಡರವರೆಗೆ ಬದುಕಿದರು.

ಜೋಡಿ ಈಗ ನನ್ನ ಬೀರುವಿನಲ್ಲಿದೆ. ಹೆಣ್ಣಿನ ಬೆನ್ನಿನಲ್ಲಿ ಯಾರದು ಎಷ್ಟು ಎಂದು ಎಣಿಸಲು ಆಗುವುದಿಲ್ಲ. ಗಂಡು ಬೊಂಬೆಯ ಬೆನ್ನಿನಲ್ಲಿ ಮೂರು ಕಡೆ ತೇದ ಗುರುತಿದೆ. ಎರಡು ಅಪ್ಪನಿಂದ ಆದದ್ದು. ಒಂದು ನನ್ನಿಂದ.