ಅಮ್ಮನಿಗೆ ಹೇಳದ ಮೂರು ದಿನ

ನನ್ನ ಕೆಲಸ ಪ್ರಾಜೆಕ್ಟ್ ಮ್ಯಾನೇಜರನದು. ಯಾರು ಯಾವ ಕೆಲಸವನ್ನು ಯಾವ ದಿನ ಮುಗಿಸಬೇಕು ಎಂದು ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಕೂತು ಕಂಪ್ಯೂಟರ್ ಹಾಳೆಯ ಚೌಕಗಳಿಗೆ ಬಣ್ಣ ತುಂಬುತ್ತೇನೆ, ಅದಕ್ಕೆ ಸಂಬಳ ಕೊಡುತ್ತಾರೆ. ಈ ಚಟ ಮನೆಗೂ ಬಂದಿದೆ ಎನ್ನುವುದು ಹೆಂಡತಿಯ ದೂರು. ಅದು ಸುಳ್ಳಲ್ಲ. ಹಿಂದಿನ ಬೇಸಿಗೆಯಲ್ಲಿ ಆಸ್ಟಿನ್‌ನ ಸೇತುವೆ ಕೆಳಗಿಂದ ಸಂಜೆ ಹೊರಡುವ ಬಾವಲಿಗಳನ್ನು ಮಕ್ಕಳಿಗೆ ತೋರಿಸಲೆಂದು ನಿಮಿಷ ನಿಮಿಷದ ಯೋಜನೆ ಮಾಡಿದ್ದೆ. ನಾವು ನಿಮಿಷ ತಪ್ಪದೆ ಸೇತುವೆ ತಲುಪಿದೆವು. ಬಾವಲಿಗಳು ಮುಕ್ಕಾಲು ಗಂಟೆ ತಡ ಮಾಡಿದವು. ಅವು ಹೊರಬಿದ್ದಾಗ ಐದು ವರ್ಷದ ಮಗಳು, ಮೂರು ವರ್ಷದ ಮಗ ಇಬ್ಬರೂ ಸ್ಟ್ರೋಲರಿನಲ್ಲಿ ಗಾಢ ನಿದ್ದೆಯಲ್ಲಿದ್ದರು. ಲಕ್ಷಾಂತರ ಬಾವಲಿಗಳನ್ನು ನಾವಿಬ್ಬರೇ ನೋಡಿ ಲೂಯಿಸ್‌ವಿಲ್‌ನ ನಮ್ಮ ಮನೆಗೆ ವಾಪಸಾದೆವು.

ಡಿಸೆಂಬರಿನಲ್ಲಿ ಮೈಸೂರಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ನಾವು ಹಿಡಿಯುವ ವಿಮಾನ ದುಬೈ ಮೇಲೆ ಹೋಗುತ್ತದೆ. ಡಾಲಸ್‌ನಿಂದ ಅಲ್ಲಿಗೇ ಹದಿನೈದು ಗಂಟೆ. ಇಬ್ಬರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಅಷ್ಟು ಹೊತ್ತು ಕೂತವರು ಇಳಿದ ಕೂಡಲೇ ಮತ್ತೊಂದು ವಿಮಾನ ಹತ್ತುವ ಬದಲು ಮೂರು ದಿನ ದುಬೈಯಲ್ಲಿ ನಿಂತರೆ ಹೇಗೆ ಎಂದು ಹೆಂಡತಿ ಕೇಳಿದಳು. ಅವಳು ಮಾತು ಮುಗಿಸುವ ಮೊದಲೇ ನಾನು ಲ್ಯಾಪ್‌ಟಾಪ್ ತೆರೆದಿದ್ದೆ.

ಒಂದೇ ತೊಂದರೆಯೆಂದರೆ ಅಮ್ಮ. ಮೈಸೂರಿನಲ್ಲಿರುವ ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಾವು ನಾಲ್ಕು ವಾರಕ್ಕೆ ಬರುತ್ತೇವೆ ಎಂದರೆ ಅವಳು ಅದರಲ್ಲಿ ವಿಮಾನ ಇಳಿದ ಮೇಲೆ ನಿದ್ದೆ ಕೆಟ್ಟ ದಿನಗಳನ್ನು ಕಳೆಯುತ್ತಾಳೆ, ಬೀಗರ ಮನೆಯ ದಿನಗಳನ್ನು ಕಳೆಯುತ್ತಾಳೆ, ಯಾರದೋ ಮದುವೆಗೆ ಹೋಗುವ ದಿನಗಳನ್ನೂ ಕಳೆದು, ಕೊನೆಗೆ ಉಳಿದದ್ದು ಹನ್ನೊಂದು ದಿನ ಎಂದು ಉತ್ತರ ಹೇಳುತ್ತಾಳೆ. ಆ ಹನ್ನೊಂದರಲ್ಲಿ ಇನ್ನೂ ಮೂರನ್ನು ದುಬೈಗೆ ಕೊಡುತ್ತೇವೆ ಎನ್ನುವ ಧೈರ್ಯ ನನಗಾಗಲಿಲ್ಲ. ಟಿಕೆಟ್ ಸಿಕ್ಕಿದ್ದೇ ಇಪ್ಪತ್ತೆರಡನೇ ತಾರೀಖಿಗೆ ಎಂದುಬಿಟ್ಟೆ. ಬೆಂಗಳೂರಿಗೆ ಬಂದಿಳಿಯುವ ಟಿಕೆಟ್ ಮಟ್ಟಿಗೆ ಅದು ನಿಜವೇ ಆಗಿತ್ತು.

"ನಿಮ್ಮಮ್ಮ ಕಂಡುಹಿಡೀತಾರೆ," ಎಂದಳು ಹೆಂಡತಿ. "ಆಮೇಲೆ ಇದೆಲ್ಲ ನನ್ನ ಐಡಿಯಾ ಅಂತ ಆಗತ್ತೆ."

ಇದು ನಿನ್ನ ಐಡಿಯಾನೇ ತಾನೆ ಎಂದೆ. ದುಬೈ ನನ್ನ ಐಡಿಯಾ, ಸುಳ್ಳು ನಿನ್ನದು ಎಂದಳು.

ಮಗಳನ್ನು ಕೂರಿಸಿಕೊಂಡು, ಅಜ್ಜಿಯ ಹತ್ತಿರ ದುಬೈ ವಿಷಯ ಎತ್ತಬಾರದು, ಅದು ಸೀಕ್ರೆಟ್ ಎಂದು ಹೇಳಿಕೊಟ್ಟೆ. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸೀಕ್ರೆಟ್ ಎಂಬ ಪದ ಎರಡೂ ಕಡೆ ಒಂದೇ ಆದ್ದರಿಂದ ಅದನ್ನು ಅವಳು ಬಹಳ ಗಂಭೀರವಾಗಿ ತೆಗೆದುಕೊಂಡಳು. ಆಮೇಲಿನ ಪ್ರತಿ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಮುಖ ಕಂಡೊಡನೆ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಮಗುವಿಗೆ ಹಲ್ಲುನೋವೇ ಎಂದು ಅಮ್ಮ ಕೇಳಿದಳು. ಹೌದು ಎಂದೆ. ಲವಂಗದೆಣ್ಣೆ ಹಚ್ಚು ಎಂದಳು. ಹೀಗೆ ಒಂದು ಸುಳ್ಳು ಎರಡಾಯಿತು.

ಯೋಜನೆ ಮಾತ್ರ ಸೊಗಸಾಗಿ ಬೆಳೆಯಿತು. ಮಗ ಮಲಗುವ ಹೊತ್ತು, ಹಾಲು ಕುಡಿಯುವ ಹೊತ್ತು, ಎಲ್ಲೆಲ್ಲಿ ಸ್ಟ್ರೋಲರ್ ಹೋಗುತ್ತದೆ, ಎಲ್ಲಿ ಹೋಗುವುದಿಲ್ಲ, ಎಲ್ಲವೂ ಚೌಕಗಳಲ್ಲಿ ಕೂತವು. ಮೊದಲ ದಿನ ಬೆಳಿಗ್ಗೆ ಒಂಬತ್ತೂವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡ, ಮಧ್ಯಾಹ್ನ ಮೀನುಗಳ ದೊಡ್ಡ ಗಾಜಿನ ತೊಟ್ಟಿ. ಎರಡನೆಯ ದಿನ ಮರಳುಗಾಡು. ಮುಗಿದ ಕೆಲಸಕ್ಕೆ ಹಸಿರು ಬಣ್ಣ. ಹೊರಡಲು ಹನ್ನೆರಡು ದಿನ ಇರುವಾಗ ಇಡೀ ಹಾಳೆ ಗದ್ದೆಯ ಹಾಗೆ ಹಸಿರಾಗಿತ್ತು.

ಅದನ್ನು ಯಾರಿಗಾದರೂ ತೋರಿಸದೆ ಇರಲಾಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿರುವ ಹುಬ್ಬಳ್ಳಿಯ ಹೆಂಗಸು ಟೆಕ್ಸಸ್‌ಗೆ ಬರುವ ಮೊದಲು ಏಳು ವರ್ಷ ದುಬೈಯಲ್ಲಿದ್ದವರು. ಅವರನ್ನು ಕಾಫಿಗೆ ಕರೆದೆವು. ಅವರು ಕನ್ನಡಕ ಹಾಕಿಕೊಂಡು, ಡಾಕ್ಟರು ರಕ್ತದ ರಿಪೋರ್ಟ್ ನೋಡುವಂತೆ ಒಂದೊಂದೇ ಸಾಲು ಓದಿದರು.

"ಅಲ್ರೀ, ಮೂರು ವರ್ಷದ ಹುಡುಗನ್ನ ಮರಳಿನ ದಿಬ್ಬ ಹತ್ಸಾಕ ಹೊಂಟೀರಿ? ಆ ಜೀಪು ಏರಿ ಇಳಿಯೂದ್ರಾಗ ಉಂಡಿದ್ದೆಲ್ಲಾ ನಿಮ್ಮ ಮ್ಯಾಲ ಬರ್ತದ ನೋಡ್ರಿ."

ನಾನು ಮರಳುಗಾಡನ್ನು ಅಳಿಸಿದೆ. ಅವರು ಮತ್ತೆ ಕೆಳಗೆ ಓದುತ್ತಾ ಹೋಗಿ ಒಂದು ಕಡೆ ನಿಂತರು. ಎಲ್ಲರ ಪಾಸ್‌ಪೋರ್ಟಿಗೂ ಇನ್ನೂ ಆರು ತಿಂಗಳ ಅವಧಿ ಇದೆಯೇ, ಇಲ್ಲದಿದ್ದರೆ ಇಲ್ಲೇ ಡಾಲಸ್‌ನಲ್ಲಿ ವಿಮಾನ ಹತ್ತಿಸುವುದಿಲ್ಲ ಎಂದರು. ನಾನು ನಾಲ್ಕು ಹೆಸರಿನ ಮುಂದೆ ಇದ್ದ ನಾಲ್ಕು ಹಸಿರು ಚೌಕಗಳನ್ನು ತೋರಿಸಿದೆ. ನಾಲ್ಕರಲ್ಲೂ 'ಇದೆ' ಎಂದು ಬರೆದಿತ್ತು.

"ಇದೆ ಅಂತ ಬರದೀರಿ," ಎಂದರು ಅವರು. "ಎಲ್ಲೀತನಕ ಇದೆ ಅಂತ ಬರದಿಲ್ಲ."

ಹೆಂಡತಿ ಎದ್ದುಹೋಗಿ ಬೀರುವಿನಿಂದ ಪಾಸ್‌ಪೋರ್ಟುಗಳನ್ನು ತಂದಳು. ನಮ್ಮದು ಹತ್ತು ವರ್ಷದ್ದು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕೊಡುವುದು ಐದೇ ವರ್ಷಕ್ಕೆ. ಮಗನದು ಇನ್ನೂ ಎರಡು ವರ್ಷ ಇತ್ತು. ಮಗಳದು, ಅವಳು ಹತ್ತು ತಿಂಗಳ ಕೂಸಾಗಿದ್ದಾಗ ಮಾಡಿಸಿದ್ದು, ಬರುವ ಮಾರ್ಚಿಗೆ ಮುಗಿಯುತ್ತಿತ್ತು. ಹೆಂಡತಿ ನನ್ನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಆ ಒಂದು ಹಸಿರು ಚೌಕವನ್ನು ಕೆಂಪು ಮಾಡಿದಳು. ಹುಬ್ಬಳ್ಳಿಯವರು ಕಾಫಿ ಬಹಳ ಛಲೋ ಆಗಿದೆ ಎಂದು ಹೇಳಿ ಎದ್ದರು.

ತುರ್ತು ಪ್ರಯಾಣದವರಿಗೆ ಅವತ್ತೇ ಪಾಸ್‌ಪೋರ್ಟ್ ಕೊಡುವ ವ್ಯವಸ್ಥೆ ಇದೆ. ಆದರೆ ಅಪಾಯಿಂಟ್‌ಮೆಂಟ್ ಬೇಕು, ಮಗು ಬೇಕು, ತಂದೆತಾಯಿ ಇಬ್ಬರೂ ಬೇಕು. ಡಾಲಸ್‌ನಲ್ಲಿ ಒಂದು ಸಮಯವೂ ಖಾಲಿ ಇರಲಿಲ್ಲ. ಹ್ಯೂಸ್ಟನ್‌ನಲ್ಲಿ ಗುರುವಾರ ಬೆಳಿಗ್ಗೆ ಒಂದು ಸಿಕ್ಕಿತು. ಬುಧವಾರ ಇಬ್ಬರೂ ರಜೆ ಹಾಕಿ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಹೊರಟೆವು. ನಾಲ್ಕೂವರೆ ಗಂಟೆಯ ದಾರಿ ಏಳು ಗಂಟೆ ಹಿಡಿಯಿತು. ಮಗ ಆಗಷ್ಟೇ ಡೈಪರ್ ಬಿಟ್ಟಿದ್ದ. ದಾರಿಯ ಪೆಟ್ರೋಲ್ ಬಂಕುಗಳ ಟಾಯ್ಲೆಟ್ ತನ್ನಷ್ಟಕ್ಕೆ ನೀರು ಬಿಡುತ್ತದೆಂದು ಅವನಿಗೆ ಪ್ರಾಣಭಯ. ಎಂಟು ಕಡೆ ನಿಲ್ಲಿಸಿದೆವು. ಎಂಟೂ ಕಡೆ ಬಾಗಿಲ ತನಕ ಹೋಗಿ ವಾಪಸ್ ಬಂದ. ಒಂಬತ್ತನೆಯದಕ್ಕೆ ನಿಲ್ಲಿಸುವ ಅಗತ್ಯ ಬೀಳಲಿಲ್ಲ, ಕಾರ್ ಸೀಟಿನ ಕವರನ್ನು ಮಾತ್ರ ಒಗೆಯಬೇಕಾಯಿತು.

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ತೀರಿಕೊಂಡ ನನ್ನ ತಂದೆಯವರ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಹೃದಯದ ಡಾಕ್ಟರಾಗಿದ್ದು ಈಗ ನಿವೃತ್ತರು. ರಾತ್ರಿ ಅವರ ಮನೆಯಲ್ಲಿ ತಂಗಿದೆವು. ದುಬೈ ಎಂದು ಕಿವಿಗೆ ಬಿದ್ದದ್ದೇ ತಡ, ಅಂಕಲ್ ಊಟದುದ್ದಕ್ಕೂ ಆ ಊರಿನ ಬಗ್ಗೆ ಸಲಹೆ ಕೊಟ್ಟರು. ಎಲ್ಲಿ ಏನು ನೋಡಬೇಕು, ಯಾವುದು ದಂಡ, ಜನ ಎಂಥವರು. ನೀವು ಎಷ್ಟು ದಿನ ಇದ್ದಿರಿ ಅಂಕಲ್ ಎಂದು ಹೆಂಡತಿ ವಿನಯದಿಂದ ಕೇಳಿದಳು. ಅವರು ಇಪ್ಪತ್ತೈದು ವರ್ಷದ ಹಿಂದೆ ವಿಮಾನ ಬದಲಾಯಿಸುವಾಗ ಮೂರು ಗಂಟೆ ಎಂದರು. ಆಂಟಿ ಎಲ್ಲರಿಗೂ ಮೊಸರು ಬಡಿಸಿದರು.

ಬೆಳಿಗ್ಗೆ ಮಗನನ್ನು ಆಂಟಿಯ ಹತ್ತಿರ ಬಿಟ್ಟು, ಮಗಳನ್ನು ಕರೆದುಕೊಂಡು ಪಾಸ್‌ಪೋರ್ಟ್ ಕಚೇರಿಗೆ ಹೋದೆವು. ನಮ್ಮ ಸರದಿ ಬಂದಾಗ ಕಿಟಕಿಯ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು, ಕನ್ನಡಕಕ್ಕೆ ಮಣಿಯ ಸರ. ಟೆಕ್ಸಸ್‌ನವರ ರಾಗ ಎಳೆಯುವ ಮಾತು. ಜನನ ಪತ್ರ ನೋಡಿದರು, ಫೋಟೋ ನೋಡಿದರು, ಟಿಕೆಟ್ ನೋಡಿದರು. ಎಲ್ಲವೂ ಸರಿಯಾಗಿತ್ತು. ಆಮೇಲೆ ತುದಿಗಾಲಲ್ಲಿ ನಿಂತು ಇಣುಕುತ್ತಿದ್ದ ಮಗಳನ್ನು ನೋಡಿ ನಕ್ಕು, ಎಲ್ಲಿಗೆ ಹೊರಟಿದ್ದೀಯ ಪುಟ್ಟಾ ಎಂದು ಕೇಳಿದರು.

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹೇಳು ಪರವಾಗಿಲ್ಲ ಎಂದೆ. ಅವಳು ಕೈ ತೆಗೆಯದೆ ನನ್ನನ್ನೇ ನೋಡಿದಳು. ಹೇಳು ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ. ಅದು ಆಚೆ ಕಡೆಯವರಿಗೆ ಹೇಗೆ ಕೇಳಿಸಿರಬಹುದೆಂದು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಮಗಳು ಕೈ ಇಳಿಸಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಅದು ಸೀಕ್ರೆಟ್, ಅಜ್ಜಿಗೆ ಗೊತ್ತಾಗಬಾರದು ಅಂತ ಡ್ಯಾಡಿ ಹೇಳಿದ್ದಾರೆ ಎಂದಳು.

ಕಿಟಕಿಯವರು ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ನಮ್ಮಿಬ್ಬರ ಸಹಿಗಳನ್ನು ಇನ್ನೊಮ್ಮೆ ನೋಡಿದರು. ನಾನು ವಿವರಿಸತೊಡಗಿದೆ. ಮೈಸೂರು, ನಾಲ್ಕು ವಾರ, ಹನ್ನೊಂದು ದಿನ, ಅಮ್ಮ ಗಣಿತದ ಮೇಡಂ ಎನ್ನುವುದು. ವಿವರಿಸಿದಷ್ಟೂ ನಾನು ಮಗುವನ್ನು ಕದ್ದುಕೊಂಡು ಹೋಗುವವನ ಹಾಗೇ ಕಾಣುತ್ತಿದ್ದೇನೆ ಎಂದು ನನಗೇ ಅನ್ನಿಸುತ್ತಿತ್ತು. ಅಜ್ಜಿ ಎಂದರೆ ಯಾರ ತಾಯಿ ಎಂದು ಅವರು ಕೇಳಿದರು. ಇವನ ತಾಯಿ ಎಂದು ಹೆಂಡತಿ ಒಂದಿಷ್ಟೂ ಕರುಣೆಯಿಲ್ಲದೆ ಹೇಳಿದಳು.

"ನಿಮಗೆ ವಯಸ್ಸೆಷ್ಟು, ಸರ್?" ಎಂದರು ಅವರು.

ನಲವತ್ತು ಎಂದೆ. ಅವರು ಆ ಸಂಖ್ಯೆಯನ್ನು ತೂಗಿ ನೋಡಿದಂತೆ ಕಂಡಿತು. ಆಮೇಲೆ ಕಾಗದಗಳನ್ನೆಲ್ಲ ಜೋಡಿಸಿಕೊಂಡು, ಪಾಸ್‌ಪೋರ್ಟ್ ಮಧ್ಯಾಹ್ನ ಎರಡಕ್ಕೆ ಸಿಗುತ್ತದೆ, ಅಷ್ಟರೊಳಗೆ ನಿಮ್ಮ ತಾಯಿಗೆ ಫೋನ್ ಮಾಡುವುದಕ್ಕೆ ಬೇಕಾದಷ್ಟು ಸಮಯವಿದೆ ಎಂದರು.

ಕಾರ್ ಪಾರ್ಕಿಂಗ್‌ನಲ್ಲಿ ನಿಂತು ಫೋನ್ ಮಾಡಿದೆ. ಮೈಸೂರಿನಲ್ಲಿ ಆಗ ರಾತ್ರಿಯ ಊಟ ಮುಗಿದಿತ್ತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹಲ್ಲುನೋವಿನ ವಿಷಯವನ್ನೂ.

"ಮೂರು ದಿನಕ್ಕೆ ನಾನು ಅತ್ಕೊಂಡು ಕೂರ್ತೀನಿ ಅಂದ್ಕೊಂಡ್ಯಾ?" ಎಂದಳು ಅಮ್ಮ.

ನಾನು ನಿಜವಾಗಿ ಅಂದುಕೊಂಡಿದ್ದು ಅದನ್ನೇ. ಅಮ್ಮ ದಿನ ಎಣಿಸುತ್ತಾಳೆ ಎಂದು ನಗುತ್ತಿದ್ದೆನೇ ಹೊರತು, ಎಣಿಸುವುದು ಬಿಟ್ಟು ಅವಳಿಗೆ ಬೇರೇನಾದರೂ ಬೇಕಿರಬಹುದು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ಅವಳ ಮುಂದಿನ ಪ್ರಶ್ನೆ ಬಂತು.

"ಹೋಟೆಲ್ ರೂಮಲ್ಲಿ ಎಷ್ಟು ಮಂಚ ಇದೆ?"

ಎರಡು ದೊಡ್ಡವು ಎಂದೆ.

"ಸರಿ, ಹಾಗಾದ್ರೆ ನಾನೂ ಬರ್ತೀನಿ. ನನ್ನ ಪಾಸ್‌ಪೋರ್ಟು ಇನ್ನೂ ಎಂಟು ವರ್ಷ ಇದೆ."

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಬನ್ನಿ ಅತ್ತೆ, ಖಂಡಿತ ಬನ್ನಿ, ಮಕ್ಕಳನ್ನು ಹಿಡಿಯೋಕೆ ಇನ್ನೊಬ್ಬರು ಸಿಕ್ಕಿದ ಹಾಗಾಯಿತು ಎಂದಳು. ಮಗಳು ಮತ್ತೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಇನ್ನು ಮಾತನಾಡಬಹುದು ಎಂದೆವು. ಅವಳು ಫೋನ್ ತೆಗೆದುಕೊಂಡು ಮೂರು ವಾರದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ಅಜ್ಜಿಯ ಕಿವಿಗೆ ಸುರಿದಳು. ನಾವು ಕಾರಿಗೆ ಒರಗಿ ಕಾದೆವು.

ಅಮ್ಮನ ವೀಸಾವನ್ನು ಮೈಸೂರಿನ ಟ್ರಾವೆಲ್ ಏಜೆಂಟ್ ನಾಲ್ಕು ದಿನದಲ್ಲಿ ಮಾಡಿಸಿದ. ನಾವು ದುಬೈಯಲ್ಲಿ ಇಳಿದಾಗ ಅವಳು ನಮಗಿಂತ ಮೊದಲೇ ಬಂದು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ವಾಕಿಂಗ್ ಶೂ ತೊಟ್ಟು, ಕೋಡುಬಳೆಯ ಡಬ್ಬಿ ಹಿಡಿದು ಕೂತಿದ್ದಳು. ಹೋಟೆಲ್ ಮುಟ್ಟಿದ್ದೇ ನಾನೂ ಹೆಂಡತಿಯೂ ಕಡಿದ ಮರದಂತೆ ಹಾಸಿಗೆಗೆ ಬಿದ್ದೆವು.

ಎಚ್ಚರವಾದಾಗ ಬೆಳಿಗ್ಗೆ ಏಳು. ಇನ್ನೊಂದು ಮಂಚ ಖಾಲಿ. ಅಮ್ಮನಿಲ್ಲ, ಮಕ್ಕಳಿಲ್ಲ. ಕೆಳಗೆ ಓಡಿದೆವು. ಬಾಗಿಲಲ್ಲಿದ್ದ ವಯಸ್ಸಾದ ಕಾವಲುಗಾರರು ಕುಂದಾಪುರದವರು ಎಂದು ನಮಗೆ ಗೊತ್ತಾಗಿದ್ದೇ ಅವರು ಕನ್ನಡದಲ್ಲಿ ಬಾಯಿಬಿಟ್ಟಾಗ. ಅಮ್ಮನಿಗೆ ಮಾತ್ರ ಅದು ಹಿಂದಿನ ರಾತ್ರಿಯೇ ಗೊತ್ತಾಗಿತ್ತು. ಮಕ್ಕಳು ಐದಕ್ಕೇ ಎದ್ದರಂತೆ, ಅಮ್ಮನವರು ಅವರನ್ನು ದೋಣಿ ತೋರಿಸಲು ಹೊಳೆಯ ಕಡೆ ಕರೆದುಕೊಂಡು ಹೋದರಂತೆ.

ಹೊಳೆ ಎಂದು ಅವರು ಹೇಳಿದ್ದು ಊರಿನ ನಡುವೆ ಹರಿದುಬಂದ ಸಮುದ್ರದ ಕಾಲುವೆಯನ್ನು. ಅಲ್ಲಿ ಮರದ ಚಿಕ್ಕ ದೋಣಿಗಳು ಜನರನ್ನು ಒಂದು ದಡದಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಕೆಲಸಕ್ಕೆ ಹೊರಟವರ ಒಂದು ದೋಣಿ ನಮ್ಮತ್ತ ಬರುತ್ತಿತ್ತು. ಅದರ ನಟ್ಟನಡುವೆ ಅಮ್ಮ, ಆಚೀಚೆ ಅವಳ ಸೆರಗು ಹಿಡಿದುಕೊಂಡ ಇಬ್ಬರು ಮೊಮ್ಮಕ್ಕಳು. ದೋಣಿ ದಡಕ್ಕೆ ಬಂತು. ಎಲ್ಲರೂ ಇಳಿದರು. ಮಗ ಇಳಿಯಲೊಲ್ಲೆ ಎಂದು ಹಲಗೆಯನ್ನು ತಬ್ಬಿಕೊಂಡ. ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ ಎಂದಳು ಅಮ್ಮ.

ನಾನು ಗಡಿಯಾರ ನೋಡಿ, ಎತ್ತರದ ಕಟ್ಟಡದ ಟಿಕೆಟ್ ಒಂಬತ್ತೂವರೆಗೆ ಇದೆ ಎಂದೆ.

"ಅದೆಲ್ಲಿಗೆ ಹೋಗತ್ತೆ? ಹತ್ತೋ ಸುಮ್ನೆ," ಎಂದಳು.

ಹತ್ತಿದೆವು. ಇಂಜಿನ್ನಿನ ಸದ್ದು, ಡೀಸೆಲ್ ವಾಸನೆ, ನೀರಿನ ಮೇಲೆ ಹಕ್ಕಿಗಳು. ಮಗಳು ನಡುನಡುವೆ ಕನ್ನಡದಲ್ಲಿ ಕೂಗುತ್ತಿದ್ದಳು, ಅಜ್ಜಿ ನೋಡು, ಅಜ್ಜಿ ಅಲ್ಲಿ ಎಂದು. ಹೆಂಡತಿ ನನ್ನ ಭುಜಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮೊದಲಿನ ನಾಲ್ಕೂ ಸೇರಿ ಒಟ್ಟು ಎಂಟು ಸಲ ದಾಟಿದ್ದಾಯಿತು. ಕೊನೆಗೆ ಹಸಿವು ಮಗನನ್ನು ಇಳಿಸಿತು.

ಕಟ್ಟಡವನ್ನು ಸಂಜೆ ಟ್ಯಾಕ್ಸಿಯ ಕಿಟಕಿಯಿಂದ ನೋಡಿದೆವು. ಅಮ್ಮ ಗಾಜಿಗೆ ಹಣೆ ಹಚ್ಚಿ, ಕತ್ತು ಆದಷ್ಟೂ ಮೇಲೆತ್ತಿ ನೋಡಿದಳು. ಅಷ್ಟು ಮೇಲಿನ ಮಹಡಿಗೆ ನೀರನ್ನು ಹೇಗೆ ಹತ್ತಿಸುತ್ತಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಟ್ಯಾಕ್ಸಿಯವನಿಗೂ ಗೊತ್ತಿರಲಿಲ್ಲ. ಅಮ್ಮ ಕೈಚೀಲದಿಂದ ಹಳೆಯ ಲಕೋಟೆಯೊಂದನ್ನು ತೆಗೆದು, ಅದರ ಹಿಂಭಾಗದಲ್ಲಿ ಆ ನೀರಿನ ಲೆಕ್ಕ ಹಾಕತೊಡಗಿದಳು.