ಪಿಪೆಟ್ಟಿನ ಕೊಸರು

ಕೊಸರು ಕೇಳದೆ ನಾನು ತರಕಾರಿ ಕೊಂಡವಳಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ‘ಒಂದು ಹನಿ ಹೆಚ್ಚಾದರೂ ಲೆಕ್ಕ ಕೆಟ್ಟಿತು’ ಎಂದು ಗದರುವ ಇದೇ ಬಾಯಿ, ಅಬ್ಬಿಗೆರೆಯ ತರಕಾರಿ ಗಾಡಿಯ ಮುಂದೆ ‘ಇನ್ನೆರಡು ಹಾಕಮ್ಮ’ ಎನ್ನುತ್ತದೆ. ತಕ್ಕಡಿ ಸಮವಾದ ಮೇಲೆ ಚೀಲಕ್ಕೆ ಬೀಳುವ ಹಸಿಮೆಣಸಿನಕಾಯಿಯ ಸುಖವೇ ಬೇರೆ.

ಈ ವರ್ಷ ಪ್ರಥಮ ಪಿಯುಸಿಗೆ ಸೇರಿದ ಚೈತ್ರಾ ನನ್ನ ನಿದ್ದೆ ಕೆಡಿಸಿದಳು. ಪಿಪೆಟ್ಟೆಂಬ ಗಾಜಿನ ಕೊಳವೆಗೆ ಮೇಲಿನ ರಬ್ಬರ್ ಬಲ್ಬಿನಿಂದ ಆಮ್ಲವನ್ನು ಗೆರೆಯವರೆಗೆ ಹೀರಿ ಅಳೆದು ಸೀಸೆಗೆ ಬಿಡಬೇಕು. ಅದಕ್ಕೆ ಬ್ಯುರೆಟ್ಟೆಂಬ ಗೆರೆಗೆರೆಯ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಸೇರಿಸಿ, ತಿಳಿಗುಲಾಬಿ ಬಣ್ಣ ಬಂದೊಡನೆ ನಿಲ್ಲಿಸಿ, ಎಷ್ಟು ಹಿಡಿಯಿತೆಂದು ಓದಬೇಕು. ಚೈತ್ರಾಗೆ ಮಾತ್ರ ಯಾವಾಗಲೂ ಎಲ್ಲರಿಗಿಂತ ಒಂದು ಗೆರೆ ಹೆಚ್ಚು. ಕಣ್ಣನ್ನು ಗೆರೆಯ ನೇರಕ್ಕೆ ಇಡು ಎಂದೆ, ಇಟ್ಟಳು. ಕನ್ನಡಕದ ಮಾತನ್ನೂ ಎತ್ತಿದೆ. ಹುಡುಗರು ‘ಏನ್ ಗುರು, ಇವತ್ತೂ ಎಕ್ಸ್‌ಟ್ರಾನಾ?’ ಎಂದು ಕಿಚಾಯಿಸಿದರು.

ಶನಿವಾರ ಅವಳು ತಲೆ ತಗ್ಗಿಸಿ ಬಂದಳು. “ನನ್ ಕೈಯೇ ಸರಿ ಇಲ್ಲ ಮೇಡಂ. ಸೋಮವಾರ ಕಾಮರ್ಸ್‌ಗೆ ಹೋಗ್ಬಿಡ್ತೀನಿ.”

ನನಗೆ ಸಂಕಟವಾಯಿತು. ಬಣ್ಣ ತಿರುಗುವ ಗಳಿಗೆಯಲ್ಲಿ ಉಸಿರು ಬಿಗಿಹಿಡಿದು ನೋಡುವ ವಿದ್ಯಾರ್ಥಿಗಳು ವರ್ಷಕ್ಕೊಬ್ಬರು ಸಿಕ್ಕರೆ ಪುಣ್ಯ.

ಚೈತ್ರಾಳ ಕುಟುಂಬದ ಹೊಲಗಳೆಲ್ಲ ಸೈಟುಗಳಾದರೂ ಮನೆಯಲ್ಲಿ ಹಸುಗಳಿನ್ನೂ ಇವೆ. ನಮಗೆ ಹಾಲು ಅಲ್ಲಿಂದಲೇ. ಭಾನುವಾರ ಹಾಲು ತಂದವಳು ಚೈತ್ರಾ. ಅಳತೆಯ ಪಾವನ್ನು ನನ್ನ ಪಾತ್ರೆಗೆ ಬಗ್ಗಿಸಿ, ತಳ ತಟ್ಟಿ, ಅಂಚಿನ ಕೊನೆಯ ಹನಿಯನ್ನೂ ಕೊಡವಿದಳು. ನಾನು ಪಾತ್ರೆ ಹಿಡಿದುಕೊಂಡೇ ಕೇಳಿದೆ: “ಪಿಪೆಟ್ಟಲ್ಲೂ ಹಿಂಗೇ ಮಾಡ್ತೀಯೇನೇ?”

“ಹೂಂ ಮೇಡಂ. ಕೊನೇಲಿ ಬಲ್ಬ್ ಒತ್ತಿ ಪೂರ್ತಿ ಬಿಡ್ತೀನಿ. ಒಳಗೇ ಉಳ್ಕೊಂಡ್ರೆ ಮೋಸ ಅಲ್ವಾ? ನಮ್ಮಜ್ಜಿ ಹಂಗೇ ಕಲಿಸಿರೋದು.”

ಹಾಲು ಚೆಲ್ಲುವಷ್ಟು ನಕ್ಕೆ. ಪಿಪೆಟ್ಟಿಗೆ ಗೆರೆ ಎಳೆದವನು ತುದಿಯಲ್ಲಿ ನಿಲ್ಲುವ ಹನಿಯನ್ನು ಮೊದಲೇ ಲೆಕ್ಕದಿಂದ ಹೊರಗಿಟ್ಟಿರುತ್ತಾನೆ. ತಾನಾಗಿ ಹರಿದುಬಂದದ್ದಷ್ಟೇ ಅಳತೆ; ಒತ್ತಿ ಬಿಟ್ಟ ಹನಿಗೆ ಕ್ಷಾರವೂ ಒಂದು ಗೆರೆ ಹೆಚ್ಚು ಹಿಡಿಯುತ್ತದೆ. ತುದಿಯನ್ನು ಸೀಸೆಯ ಗೋಡೆಗೆ ತಾಗಿಸಿ ಸುಮ್ಮನಿದ್ದುಬಿಡಬೇಕು. ಇದನ್ನು ನಾನು ಪಾಠದಲ್ಲಿ ಹೇಳಿಯೂ ಇದ್ದೆ. ಆದರೆ ಅಜ್ಜಿಯ ಪಾಠ ನನ್ನದಕ್ಕಿಂತ ಹಳೆಯದು, ಬಹುಶಃ ದೊಡ್ಡದೂ ಹೌದು.

ಕಾಮರ್ಸ್‌ಗೆ ಹೋಗುವ ಮೊದಲು ಕೊನೆಯ ಹನಿಯನ್ನು ಒತ್ತದೆ ಒಂದು ಸಲ ಮಾಡಿ ನೋಡು ಎಂದು ಒಪ್ಪಿಸಿ, ಸೋಮವಾರ ಪ್ರಯೋಗಾಲಯದಲ್ಲಿ ಅವಳ ಪಕ್ಕದಲ್ಲೇ ನಿಂತೆ. ಆಮ್ಲ ಇಳಿದು ತುದಿಯಲ್ಲಿ ಹನಿ ನಿಂತಿತು. ಅವಳ ಬೆರಳು ಬಲ್ಬಿನ ಕಡೆ ಹೊರಟು, ಕಷ್ಟಪಟ್ಟು ಹಿಂದೆ ಬಂತು. ಕ್ಷಾರ ತೊಟ್ಟಿಕ್ಕಿತು, ಗುಲಾಬಿ ಮೂಡಿತು, ಓದಿದಳು. ಎಲ್ಲರದೇ ಉತ್ತರ! ಮತ್ತೆ ಮಾಡಿದಳು, ಮತ್ತೆ ಅದೇ. ಸ್ಟೂಲಿನ ಮೇಲೆ ಧೊಪ್ಪನೆ ಕೂತು ಉಸಿರುಬಿಟ್ಟಳು.

ಸುಳ್ಳು ಅಂಕಿ ಬರೆದು ಪಾರಾಗುವವರ ನಡುವೆ, ಈ ಹುಡುಗಿ ಇಷ್ಟು ದಿನ ತಪ್ಪಿದ್ದು ಮೋಸವಾಗಬಾರದೆಂಬ ಹಟದಿಂದ. ಅಂಥ ತಪ್ಪನ್ನು ತಿದ್ದಬಹುದು, ಆ ಹಟವನ್ನು ಮಾತ್ರ ಕಲಿಸಲಾಗದು.

ಕಾಮರ್ಸ್ ಸುದ್ದಿ ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಅವಳು ಪಿಪೆಟ್ಟು ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸಿ, ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಮುಂದಿನ ವಾರ ಯಾವ ಪ್ರಯೋಗ ಮೇಡಂ?”